ಬೆಂಗಳೂರಿನ ನೀರು ಎಷ್ಟಕ್ಕೆ ಕುದಿಯುತ್ತದೆ?

ಹೋದ ಭಾನುವಾರ ಬೆಂಗಳೂರಿನ ಅಕ್ಕನ ಮನೆಗೆ ವಿಡಿಯೋ ಕಾಲ್ ಮಾಡಿದ್ದೆ. ಅಕ್ಕನ ಮಗ ಒಂಬತ್ತನೇ ಕ್ಲಾಸು. ಸೈನ್ಸ್ ರೆಕಾರ್ಡ್ ಬರೆಯುತ್ತಾ ಕೂತಿದ್ದ. ನನ್ನ ಮಗಳು ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇಯರ್ 8, ಅಂದರೆ ಊರಿನ ಲೆಕ್ಕದಲ್ಲಿ ಏಳನೇ ಕ್ಲಾಸು. ಅಣ್ಣ ಏನು ಬರೀತಿದ್ದಾನೆ ಅಂತ ಇಣುಕಿದಳು. ಅವನು ರೆಕಾರ್ಡನ್ನು ಫೋನಿನ ಹತ್ತಿರ ಹಿಡಿದು ತೋರಿಸಿದ. ನೀರು ಕಾಯಿಸುವ ಪ್ರಯೋಗ. ಕೊನೆಯ ಸಾಲಿನಲ್ಲಿ ನೀರಿನ ಕುದಿಯುವ ಬಿಂದು 100 ಡಿಗ್ರಿ ಅಂತ ಇತ್ತು.

"ಅಣ್ಣಾ, ನಿಜವಾಗ್ಲೂ ನೂರು ಬಂತಾ? ನೀವು ಅಷ್ಟು ಎತ್ತರದಲ್ಲಿ ಇದ್ದೀರಲ್ಲ, ಕಮ್ಮಿ ಬರಬೇಕಿತ್ತು."

"ನಾವು ಮಾಡಿಲ್ಲ ಕಣೇ. ಮಿಸ್ ಬೋರ್ಡ್ ಮೇಲೆ ಟೇಬಲ್ ಹಾಕಿದ್ರು. ಅದನ್ನೇ ಬರ್ಕೋತಾ ಇದೀನಿ."

ಅವಳು ಅಣಕಿಸಲಿಲ್ಲ. ತಿಳಿಯಬೇಕು ಅಂತಲೇ ಕೇಳಿದ್ದಳು. ಅವನೂ ಮುಚ್ಚಿಡಲಿಲ್ಲ. ಮಕ್ಕಳಿಬ್ಬರೂ ಬೇರೆ ಮಾತಿಗೆ ಹೋದರು. ನನಗೆ ಮಾತ್ರ ಅದು ಮನಸ್ಸಿನಿಂದ ಹೋಗಲಿಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಷ್ಟೂ ನಮ್ಮ ಮೇಲಿರುವ ಗಾಳಿಯ ಭಾರ ಕಮ್ಮಿ, ಒತ್ತಡವೂ ಕಮ್ಮಿ. ಆವಿಯ ಗುಳ್ಳೆಗಳು ಬೇಗ ಏಳುತ್ತವೆ. ಹಾಗಾಗಿ ಬೆಂಗಳೂರಿನ ಯಾವ ಶಾಲೆಯಲ್ಲಿ ನೀರು ಕಾಯಿಸಿದರೂ ಥರ್ಮಾಮೀಟರ್ 97ರ ಆಸುಪಾಸಿನಲ್ಲಿ ನಿಲ್ಲಬೇಕು. ಹಾಗಿದ್ದೂ ಆ ಊರಿನ ಎಷ್ಟೊಂದು ರೆಕಾರ್ಡುಗಳಲ್ಲಿ ವರ್ಷ ವರ್ಷ ನೂರು ಅಂತಲೇ ಬರೆದಿರುತ್ತಾರೋ! ಪಠ್ಯಪುಸ್ತಕದಲ್ಲಿ ತಪ್ಪಿಲ್ಲ. ಅದು ಹೇಳುವುದು ಸಮುದ್ರ ಮಟ್ಟದ ಒತ್ತಡದ ಮಾತು. ನೀರನ್ನು ಒಲೆಯ ಮೇಲಿಟ್ಟು ನೋಡುವವರು ಇಲ್ಲ, ಅಷ್ಟೇ.

ಆ ರಾತ್ರಿ ಮಗಳ ವಿಜ್ಞಾನದ ಪುಸ್ತಕ ತೆಗೆದು ನೋಡಿದೆ. ಅವಳೂ ಇದೇ ಪ್ರಯೋಗ ಮಾಡಿದ್ದಳು. ಅಕ್ಷರ ಚೆನ್ನಾಗಿಲ್ಲ, ಗ್ರಾಫಿನ ಗೆರೆ ಕೈಯಲ್ಲೇ ಎಳೆದದ್ದು. ನಿಮಿಷಕ್ಕೊಂದು ಅಳತೆ. 96, 98, 99, ಆಮೇಲೆ ಒಂದೇ ಒಂದು 104, ಮತ್ತೆ 99, 99. ಆ 104ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಬರೆದಿದ್ದಳು: "ಥರ್ಮಾಮೀಟರ್ ಬೀಕರಿನ ತಳಕ್ಕೆ ತಾಗಿತ್ತು ಅನ್ನಿಸುತ್ತದೆ." ಅದನ್ನು ಅಳಿಸಿರಲಿಲ್ಲ. ಕೆಳಗೆ ಏನು ಬದಲಾಯಿಸಿದೆ, ಏನು ಅಳೆದೆ, ಯಾವುದನ್ನು ಹಾಗೇ ಇಟ್ಟೆ, ಸುಟ್ಟುಕೊಳ್ಳದ ಹಾಗೆ ಏನು ಎಚ್ಚರ ವಹಿಸಿದೆ, ಇನ್ನೊಂದು ಸಲ ಮಾಡಿದರೆ ಹೇಗೆ ಮಾಡುತ್ತೇನೆ ಅಂತ ಒಂದೊಂದು ಸಾಲು. ಟೀಚರ್ ಹಸಿರು ಶಾಯಿಯಲ್ಲಿ ಆ ಸುತ್ತು ಹಾಕಿದ ಅಳತೆಯನ್ನೇ ಮೆಚ್ಚಿದ್ದರು. ಜೊತೆಗೆ ಒಂದು ಪ್ರಶ್ನೆ: "ನೂರು ಯಾಕೆ ಬರಲಿಲ್ಲ? ಎರಡು ಕಾರಣ ಯೋಚಿಸು." ಆ ಪುಟಕ್ಕೆ ಮಾರ್ಕ್ಸ್ ಕೊಟ್ಟಿರಲಿಲ್ಲ.

ಮಾರ್ಕ್ಸ್ ಇಲ್ಲದ ವ್ಯವಸ್ಥೆಗೆ ಹೊಂದಿಕೊಳ್ಳಲು ನನಗೆ ಸಮಯ ಹಿಡಿಯಿತು. ಮೊದಲೆಲ್ಲ ಇಂಗ್ಲೆಂಡಿನಲ್ಲಿ 14ನೇ ವಯಸ್ಸಿಗೆ ವಿಜ್ಞಾನದಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ ಇತ್ತು. 2008ರಲ್ಲಿ ಅದನ್ನು ಕೈಬಿಟ್ಟರು. ಈಗಿನ ಪಠ್ಯಕ್ರಮ 2014ರಿಂದ ನಡೆಯುತ್ತಿದೆ. 11ರಿಂದ 14 ವರ್ಷದ ಮಕ್ಕಳಿಗೆ ಏನು ಕಲಿಸಬೇಕು ಅಂತ ಅದರಲ್ಲಿ ಪಟ್ಟಿ ಇದೆ. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಎಲ್ಲಕ್ಕಿಂತ ಮೊದಲು ಅಳೆಯುವುದು, ಅನುಮಾನಿಸುವುದು, ಸಾಕ್ಷಿ ನೋಡಿ ತೀರ್ಮಾನಿಸುವುದು ಬರುತ್ತದೆ. ಹೇಗೆ ಮೌಲ್ಯಮಾಪನ ಮಾಡಬೇಕು ಅನ್ನುವುದನ್ನು ಶಾಲೆಗಳಿಗೇ ಬಿಟ್ಟಿದ್ದಾರೆ. ಪಾಠ ಮುಗಿದಾಗೊಂದು ಸಣ್ಣ ಟೆಸ್ಟ್ ಇರುತ್ತದೆ. ಯಾರಿಗೆ ಎಷ್ಟನೇ ರ್‍ಯಾಂಕ್ ಅಂತ ಯಾರೂ ಹೇಳುವುದಿಲ್ಲ.

ಇಲ್ಲಿ ಎಲ್ಲಾ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. ಭೌತಶಾಸ್ತ್ರದ ಟೀಚರ್‌ಗಳು ಸಾಕಷ್ಟು ಸಿಗುವುದಿಲ್ಲ ಅನ್ನುವುದು ಈ ದೇಶದ ಹಳೇ ಗೋಳು. ಬೇರೆ ವಿಷಯ ಓದಿದವರು ಬಂದು ಪಾಠ ಮಾಡುವುದು ಮಾಮೂಲು. ಲೆಕ್ಕ ಅಂತ ಬಂದರೆ ಅಕ್ಕನ ಮಗ ನನ್ನ ಮಗಳಿಗಿಂತ ಎಷ್ಟೋ ಮುಂದೆ. ವೇಗ, ವೇಗೋತ್ಕರ್ಷ, ಸಮೀಕರಣ ಎಲ್ಲಾ ಅವನಿಗೆ ನಾಲಿಗೆ ತುದಿಯಲ್ಲಿದೆ. ಅವನ ಶ್ರದ್ಧೆ ನೋಡಿದರೆ ಹೆಮ್ಮೆ ಆಗುತ್ತದೆ. ಅಂಥ ಹುಡುಗನ ಕೈಗೆ ಒಂದು ಥರ್ಮಾಮೀಟರ್ ಸಿಗಲಿಲ್ಲವಲ್ಲ ಅನ್ನುವುದೇ ನನ್ನ ಸಂಕಟ.

ನಾನು ಹೈಸ್ಕೂಲು ಓದಿದ್ದು ತಿಪಟೂರಿನಲ್ಲಿ. ಲ್ಯಾಬ್ ಅನ್ನುವ ಒಂದು ಕೋಣೆ ಇತ್ತು. ಅದರ ಬೀರುವಿಗೆ ಬೀಗ ಇತ್ತು. ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಒಡೆದರೆ ಲೆಕ್ಕ ಕೊಡಬೇಕಲ್ಲ, ಹಾಗಾಗಿ ಯಾರೂ ತೆಗೆಯುತ್ತಿರಲಿಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ಬೀರುವಿಗೆ ಕಾಯಲಿಲ್ಲ. ಹೂವಿನ ಪಾಠ ಬಂದಾಗ ಎಲ್ಲರೂ ಮನೆಯಿಂದ ಒಂದೊಂದು ದಾಸವಾಳ ತನ್ನಿ ಅಂದರು. ಬ್ಲೇಡಿನಲ್ಲಿ ಸೀಳಿ, ಭಾಗಗಳನ್ನು ಎಣಿಸಿ ಬರೆಯಬೇಕು. ಪುಸ್ತಕದಲ್ಲಿ ಐದು ಎಸಳು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ತಂದ ಹೂವಿನಲ್ಲಿ ಎಸಳು ಒತ್ತೊತ್ತಾಗಿ ತುಂಬಿದ್ದವು. ಎಣಿಸಿ ಮುಗಿಸಲಾಗದೆ ಅಳು ಮುಖ ಮಾಡಿಕೊಂಡು ಕೂತಿದ್ದಳು. ಮೇಷ್ಟ್ರು ಆ ಹೂವನ್ನು ಎತ್ತಿ ಹಿಡಿದು ಇಡೀ ಕ್ಲಾಸನ್ನು ಮೇಜಿನ ಸುತ್ತ ಕರೆದರು. ಒಂದೊಂದೇ ಎಸಳು ಬಿಡಿಸಿ, ಕೆಲವು ಎಸಳುಗಳ ಅಂಚಿನಲ್ಲಿ ಇನ್ನೂ ಅಂಟಿಕೊಂಡಿದ್ದ ಹಳದಿ ಪರಾಗದ ಚೀಲ ತೋರಿಸಿದರು. "ಕೇಸರಗಳಾಗಬೇಕಿದ್ದವು ಎಸಳಾಗಿಬಿಟ್ಟಿವೆ, ನೋಡ್ರೋ" ಅಂದರು. ನಮಗೆಲ್ಲ ರೋಮಾಂಚನ. ಆಮೇಲೆ ಕೈ ಒರೆಸಿಕೊಂಡು, "ಪರೀಕ್ಷೆಗೆ ಮಾತ್ರ ಐದು ಅಂತಲೇ ಬರೀರಿ" ಅಂದರು.

ಆ ಮೇಷ್ಟ್ರ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಕಲಿಸುವ ಮನಸ್ಸು ನಮ್ಮಲ್ಲಿ ಯಾವತ್ತೂ ಕಮ್ಮಿ ಇರಲಿಲ್ಲ. ಹಿಡಿದು ನಿಲ್ಲಿಸುವುದು ಪರೀಕ್ಷೆ. ಅವರಿಗೂ ಗೊತ್ತಿತ್ತು, ಉತ್ತರಪತ್ರಿಕೆ ತಿದ್ದುವವರ ಕೈಯಲ್ಲಿ ಆ ಹೂವು ಇರುವುದಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಸುಮ್ನೆ ಕೇಳಿಕೊಂಡು ಕೂರುವವಳಲ್ಲ. "ನೀನು ಅಲ್ಲಿ ಕೂತು ಹೇಳೋದು ಸುಲಭ. ಮುಂದಿನ ವರ್ಷ ಅವನಿಗೆ ಎಸ್ಸೆಸ್ಸೆಲ್ಸಿ. 80 ಮಾರ್ಕ್ಸ್ ಬರವಣಿಗೆಗೆ, 20 ಇಂಟರ್ನಲ್. ಇಂಟರ್ನಲ್ ಹೇಗೋ ಬರುತ್ತೆ. ಬರವಣಿಗೆಯಲ್ಲಿ 97 ಅಂತ ಬರೆದು ಒಂದು ಮಾರ್ಕ್ ಹೋದರೆ, ಒಳ್ಳೇ ಕಾಲೇಜಿನ ಸೀಟು ನೀನು ಕೊಡಿಸ್ತೀಯಾ?" ಅಂದಳು. ಅವಳ ಭಯ ನಿಜ. ಒಂದೊಂದು ಮಾರ್ಕಿಗೂ ಮಕ್ಕಳು ಸಾಲುಗಟ್ಟಿ ನಿಂತಿರುವ ಊರಿನಲ್ಲಿ ತಾಯಿಯೊಬ್ಬಳು ಹಾಗಲ್ಲದೆ ಇನ್ನು ಹೇಗೆ ಯೋಚಿಸಬೇಕು?

ಅದಕ್ಕೇ ನನಗೆ ಅನ್ನಿಸುವುದು, ಮೊದಲು ಬದಲಾಗಬೇಕಾದ್ದು ಪ್ರಶ್ನೆಪತ್ರಿಕೆ. ಇಲ್ಲೂ 16ನೇ ವಯಸ್ಸಿನ ಜಿಸಿಎಸ್‌ಇ ದೊಡ್ಡ ಪರೀಕ್ಷೆಯೇ. ಅದಕ್ಕೂ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಟ್ಯೂಷನ್‌ಗೆ ಹೋಗುತ್ತಾರೆ. ಪ್ರಾಕ್ಟಿಕಲ್ ಪರೀಕ್ಷೆ ಅಂತ ಬೇರೆ ಇಲ್ಲ. ಆದರೆ ವಿಜ್ಞಾನದ ಬರವಣಿಗೆಯ ಪರೀಕ್ಷೆಯಲ್ಲಿ ಶೇಕಡ 15ರಷ್ಟಾದರೂ ಅಂಕ ಪ್ರಯೋಗದ ಮೇಲಿನ ಪ್ರಶ್ನೆಗಳಿಗೆ ಇರಲೇಬೇಕು. ಒಂದು ಟೇಬಲ್ ಕೊಡುತ್ತಾರೆ. ಯಾವ ಅಳತೆ ಹೊಂದುತ್ತಿಲ್ಲ, ಯಾಕಿರಬಹುದು, ಹೇಗೆ ಸರಿಪಡಿಸುತ್ತೀಯ ಅಂತ ಕೇಳುತ್ತಾರೆ. ಬೀಕರಿನ ತಳಕ್ಕೆ ಥರ್ಮಾಮೀಟರ್ ತಾಗಿಸಿದ ಮಗುವಿಗೆ ಅದು ತಾನಾಗಿ ಹೊಳೆಯುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ಪತ್ರಿಕೆಯಲ್ಲೂ ಇಂಥ ನಾಲ್ಕು ಮಾರ್ಕಿನ ಪ್ರಶ್ನೆ ಪ್ರತಿ ವರ್ಷ ಖಂಡಿತ ಬರುತ್ತದೆ ಅಂತ ಆಗಲಿ, ಮುಂದಿನ ಜೂನ್‌ಗೆ ಎಷ್ಟೋ ಶಾಲೆಗಳ ಬೀರುವಿನ ಬೀಗ ತೆಗೆಯುತ್ತದೆ. ಬ್ಲೂಪ್ರಿಂಟ್ ನೋಡಿ ಪಾಠ ಮಾಡುವುದರಲ್ಲಿ ನಮ್ಮ ಶಾಲೆಗಳು ಎಷ್ಟು ಚುರುಕು ಅಂತ ಗೊತ್ತಲ್ವಾ.

ಇನ್ನೊಂದು ವಿಷಯ ನೆನೆದರೆ ಖುಷಿಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್. ಅದರ ಎತ್ತರ 978 ಮೀಟರ್. ಅಂದರೆ ನೀರು 97 ಡಿಗ್ರಿಗೆ ಕುದಿಯುವುದನ್ನು ನೋಡಬೇಕಾದರೆ ನನ್ನ ಮಗಳ ಕ್ಲಾಸಿನವರು ಸ್ಟವ್ ಹೊತ್ತುಕೊಂಡು ಈ ದೇಶದ ತುದಿಯನ್ನೇ ಹತ್ತಬೇಕು. ಬೆಂಗಳೂರಿನ ಮಕ್ಕಳು ಆ ಎತ್ತರದಲ್ಲಿ ಬೆಂಚಿನ ಮೇಲೆ ಕೂತೇ ಇದ್ದಾರೆ! ಕಾರವಾರದಲ್ಲಿ, ಮಂಗಳೂರಿನಲ್ಲಿ ನೂರರ ಹತ್ತಿರ ಬರುತ್ತದೆ. ಮಡಿಕೇರಿಯಲ್ಲಿ 96ರ ಆಸುಪಾಸು. ಮುಳ್ಳಯ್ಯನಗಿರಿಯ ಮೇಲೆ ಕಾಯಿಸಿದರೆ 94ಕ್ಕೇ ಕುದಿಯುತ್ತದೆ. ಒಂದೇ ರಾಜ್ಯದ ಒಳಗೆ, ಒಂದೇ ಪಠ್ಯಪುಸ್ತಕ ಓದುವ ಮಕ್ಕಳ ಮಧ್ಯೆ ಇಷ್ಟು ಚೆಂದದ ಪ್ರಯೋಗ ಬಿದ್ದಿದೆ. ಜಿಲ್ಲೆಗೊಂದು ಶಾಲೆ ಒಂದೇ ದಿನ ನೀರು ಕಾಯಿಸಿ, ಬಂದ ಅಳತೆಯನ್ನು ಬಂದ ಹಾಗೇ ಬರೆದು ಕಳಿಸಿದರೂ ಸಾಕು. ಗಾಳಿಯ ಒತ್ತಡದ ಪಾಠವನ್ನು ಆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ.

ಅಕ್ಕನ ಮಗ ಬುಧವಾರ ಮೆಸೇಜ್ ಹಾಕಿದ್ದ. ಮಿಸ್‌ನ ಕೇಳಿದನಂತೆ. ಅವರು ಬೈಯಲಿಲ್ಲವಂತೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಬರುವವರು ಬನ್ನಿ, ಕಾಯಿಸಿ ನೋಡೋಣ ಅಂದರಂತೆ. ಏಳು ಜನ ಹೆಸರು ಕೊಟ್ಟಿದ್ದಾರೆ. "ಥರ್ಮಾಮೀಟರ್ ತಳಕ್ಕೆ ತಾಗಬಾರದು ಅಲ್ವಾ ಚಿಕ್ಕಮ್ಮ, ತಂಗಿಗೆ ಇನ್ನೇನು ಗೊತ್ತು ಕೇಳಿ ಹೇಳಿ" ಅಂತ ಬರೆದಿದ್ದ. ಮಗಳು ಫೋನು ಕಿತ್ತುಕೊಂಡು ಉದ್ದದ ಉತ್ತರ ಟೈಪ್ ಮಾಡುತ್ತಿದ್ದಾಳೆ.