ಮ್ಯಾಗಜಿನ್ ಬದಲಿ ಅಭ್ಯಾಸದ ಲಾಗ್: ವಾರ 1ರಿಂದ 6

ಗ್ಲಾಕ್ 17 ಪಿಸ್ತೂಲು, ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಮೂರು, ಪಾರ್ ಟೈಮ್ (ಮುಗಿಸಲೇಬೇಕಾದ ಸಮಯ) ಇಡಬಹುದಾದ ಶಾಟ್ ಟೈಮರ್ ಒಂದು, ಡಮ್ಮಿ ಗುಂಡು 45. ದಿನಕ್ಕೆ 15 ನಿಮಿಷ ಡ್ರೈ ಫೈರ್, ಅಂದರೆ ನಿಜವಾದ ಗುಂಡಿಲ್ಲದ ಅಭ್ಯಾಸ. ನಿಜವಾದ ಗುಂಡು ಆ ಕೋಣೆಯಲ್ಲೇ ಇರಬಾರದು. ಚೇಂಬರನ್ನು (ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಕಣ್ಣಲ್ಲಿ ನೋಡಿದ ಮೇಲೆ ಬೆರಳಿಟ್ಟೂ ನೋಡಬೇಕು. ಪ್ಲಾಸ್ಟಿಕ್ ಡಮ್ಮಿ ಹಗುರ, ಕೈಗೆ ಸುಳ್ಳು ಹೇಳುತ್ತದೆ. 124 ಗ್ರೇನಿನ (ಸುಮಾರು 8 ಗ್ರಾಂ) ಬುಲೆಟ್ ಕೂರಿಸಿದ, ಮದ್ದೂ ಅದಕ್ಕೆ ಕಿಡಿ ಹಚ್ಚುವ ಪ್ರೈಮರೂ ಇಲ್ಲದ ಡಮ್ಮಿಯೇ ಸರಿ. ಮ್ಯಾಗಜಿನ್ ಬೀಳುವ ಕಡೆ ಹಳೆ ಕಂಬಳಿ.

ಭಾರತದಲ್ಲಿ ಪಿಸ್ತೂಲು ಸ್ಪರ್ಧೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್. ಅಲ್ಲಿ 8, 6, 4 ಸೆಕೆಂಡಿನಲ್ಲಿ ಐದೈದು ಗುಂಡು. ಮ್ಯಾಗಜಿನ್ ಬದಲಿಸುವಾಗ ಗಡಿಯಾರ ಓಡುವುದಿಲ್ಲ. ಚಲಿಸುತ್ತ ಹೊಡೆಯುವ ಐಪಿಎಸ್‌ಸಿ ಪಂದ್ಯಗಳಲ್ಲಿ ಓಡುತ್ತದೆ.

ವಾರ 1, 2: ಮ್ಯಾಗ್‌ವೆಲ್ ಬಾಯಿಯವರೆಗೆ ಮಾತ್ರ

ಮ್ಯಾಗ್‌ವೆಲ್ ಎಂದರೆ ಹಿಡಿಯೊಳಗೆ ಮ್ಯಾಗಜಿನ್ ತೂರುವ ಪೊಳ್ಳು. ಮ್ಯಾಗಜಿನ್ ಒಳಗೆ ಹಾಕುವುದೇ ಇಲ್ಲ. ಮ್ಯಾಗಜಿನ್ ಬಿಡಿಸುವ ಬಟನ್ ಒತ್ತು, ಹಳೆಯದು ಬೀಳಲಿ, ಹೊಸದನ್ನು ಮ್ಯಾಗ್‌ವೆಲ್ ಅಂಚಿಗೆ ತಂದು ನಿಲ್ಲಿಸು. ಅಮೆರಿಕದ ಶೂಟರ್‌ಗಳು ಇದನ್ನು ಬರ್ಕೆಟ್ ರೀಲೋಡ್ ಎನ್ನುತ್ತಾರೆ. ಪಾರ್ 1.5 ಸೆಕೆಂಡಿನಿಂದ ಶುರು, ಹತ್ತರಲ್ಲಿ ಎಂಟು ಸಲ ಸರಿಯಾಗಿ ಬಂದರೆ 0.1 ಕಡಿತ.

ನೋಡಬೇಕಾದದ್ದು ಎಡಗೈ. ತೋರುಬೆರಳು ಮ್ಯಾಗಜಿನ್ ಮುಂಬದಿಗೆ ಉದ್ದಕ್ಕೆ ಮಲಗಿರಬೇಕು, ತುದಿ ಮೇಲಿನ ಗುಂಡಿನ ಮೂತಿಗೆ ತಾಗಿರಬೇಕು. ಬೇಸ್‌ಪ್ಯಾಡ್ (ಮ್ಯಾಗಜಿನ್ನಿನ ತಳ) ಅಂಗೈ ಬುಡದಲ್ಲಿ. ಗನ್ ಎದೆಮಟ್ಟದಿಂದ ಮೇಲೆ, ಬಲ ಮೊಣಕೈ ಪಕ್ಕೆಯ ಹತ್ತಿರ, ಮ್ಯಾಗ್‌ವೆಲ್ ಎಡ ಸೊಂಟದ ಮ್ಯಾಗಜಿನ್ ಪೌಚಿನ ಕಡೆಗೆ ವಾಲಿರಬೇಕು. ಕಣ್ಣು ಮ್ಯಾಗ್‌ವೆಲ್ ಮೇಲೆ. ಮ್ಯಾಗಜಿನ್ನಿನ ಚಪ್ಪಟೆ ಬೆನ್ನು ಮ್ಯಾಗ್‌ವೆಲ್ಲಿನ ಚಪ್ಪಟೆ ಬೆನ್ನಿಗೆ ಒರಗಿದರೆ ಉಳಿದದ್ದು ತಾನಾಗಿ ಜಾರುತ್ತದೆ.

ತಪ್ಪುವುದು ಯಾವಾಗಲೂ ಒಂದೇ ಜಾಗದಲ್ಲಿ: ಪೌಚಿನಿಂದ ಮ್ಯಾಗ್‌ವೆಲ್‌ವರೆಗೆ ಎಷ್ಟು ಜೋರಾಗಿ ಬಂತೋ ಅಷ್ಟೇ ಜೋರಾಗಿ ಒಳಗೆ ನುಗ್ಗಿಸುವುದು. ಅಂಚಿಗೆ ಬಡಿದು ನಿಂತರೆ ಅರ್ಧ ಸೆಕೆಂಡು ಹೋಯಿತು. ಕೊನೆಯ ಎರಡು ಬೆರಳಗಲ ನಿಧಾನವಾಗಬೇಕು, ಆಮೇಲೆ ಮತ್ತೆ ಜೋರು.

ವಾರ 3: ಕಾಲು ಚಲಿಸುತ್ತಿರುವಾಗ

ಐಪಿಎಸ್‌ಸಿಯ ಪ್ರೊಡಕ್ಷನ್ ವಿಭಾಗದಲ್ಲಿ ಮ್ಯಾಗಜಿನ್‌ಗೆ 15 ಗುಂಡು ಮಿತಿ. ಲಾಂಗ್ ಕೋರ್ಸ್ (ಉದ್ದದ ಸ್ಟೇಜ್, ಅಂದರೆ ಪಂದ್ಯದ ಒಂದು ಸುತ್ತು) 32 ಗುಂಡಿನವರೆಗೂ ಇರಬಹುದು. ಅಲ್ಲಿಗೆ ಎರಡು ಬದಲಿ ಖಚಿತ. ಅಂಕವನ್ನು ಸಮಯದಿಂದ ಭಾಗಿಸುವ ಲೆಕ್ಕ, ಬರುವುದೇ ಹಿಟ್ ಫ್ಯಾಕ್ಟರ್. ಹಿಟ್ ಫ್ಯಾಕ್ಟರ್ 6ರ ಸ್ಟೇಜಿನಲ್ಲಿ ನಿಂತಲ್ಲೇ ಒಂದು ಸೆಕೆಂಡು ಕಳೆದರೆ ಹೆಚ್ಚುಕಡಿಮೆ 6 ಅಂಕ ಹೋದಂತೆ. ಪ್ರೊಡಕ್ಷನ್ನಿಗೆ ಇರುವ ಮೈನರ್ ಸ್ಕೋರಿಂಗ್‌ನಲ್ಲಿ ಗುರಿಯ ನಡುವಿನ 'ಎ'ಗೆ 5, ಅದರ ಹೊರಗಿನ 'ಸಿ'ಗೆ 3, ಅಂದರೆ ಮೂರು 'ಎ' ಹೊಡೆತ 'ಸಿ'ಗೆ ಜಾರಿದಷ್ಟು ನಷ್ಟ. ಹಾಗಾಗಿ ಗನ್ ಖಾಲಿಯಾಗುವವರೆಗೆ ಯಾರೂ ಕಾಯುವುದಿಲ್ಲ. ಜಾಗ ಬಿಟ್ಟ ಮೊದಲ ಹೆಜ್ಜೆಗೇ ಬಟನ್. ಅರ್ಧ ತುಂಬಿದ ಮ್ಯಾಗಜಿನ್ ನೆಲಕ್ಕೆ ಬಿದ್ದರೆ ಬೀಳಲಿ.

ಬೆರಳು ಟ್ರಿಗರ್ ಗಾರ್ಡಿನ ಹೊರಗೆ ಇದೆಯೇ ಎಂದು ವಿಡಿಯೊದಲ್ಲಿ ನೋಡಿಕೊಳ್ಳಿ. ಬದಲಿಸುವಾಗ ಒಳಗಿದ್ದರೆ ಪಂದ್ಯದಿಂದಲೇ ಔಟ್. ಎಡಕ್ಕೆ ಓಡುವಾಗ ಬಲಗೈಯವರ ಗನ್ನಿನ ಮೂತಿ ಪಕ್ಕಕ್ಕೆ ತಿರುಗುವುದೂ ಅಷ್ಟೇ ದುಬಾರಿ.

ವಾರ 4: ಗನ್ ಖಾಲಿಯಾದಾಗ

ಆತ್ಮರಕ್ಷಣೆಯ ತರಬೇತಿ ಬೇರೆಯಾಗುವುದು ಇಲ್ಲಿಂದ. ಯಾವಾಗ ಬದಲಿಸಬೇಕೆಂದು ಪಂದ್ಯದಲ್ಲಿ ಶೂಟರ್ ಮೊದಲೇ ನಿರ್ಧರಿಸಿರುತ್ತಾನೆ. ಇಲ್ಲಿ ಗನ್ನೇ ಹೇಳುತ್ತದೆ. ರೇಂಜಿನಲ್ಲಿ ಇನ್ನೊಬ್ಬರ ಕೈಲಿ 3ರಿಂದ 9ರವರೆಗೆ ಎಣಿಕೆ ಹೇಳದೆ ತುಂಬಿಸಿಕೊಳ್ಳಿ. ಎಷ್ಟು ಜನ ಖಾಲಿ ಗನ್ನಿನ ಟ್ರಿಗರನ್ನು ಇನ್ನೊಂದು ಸಲ ಒತ್ತುತ್ತಾರೆ ನೋಡಿ.

ಗುಂಡು ಮುಗಿದಾಗ ಸ್ಲೈಡ್ (ಗನ್ನಿನ ಜಾರುವ ಮೇಲ್ಭಾಗ) ಹಿಂದೆ ನಿಲ್ಲದೆ ಬರೀ 'ಕ್ಲಿಕ್' ಎಂದರೆ ಮ್ಯಾಗಜಿನ್ ಸ್ಪ್ರಿಂಗನ್ನು ಬೈಯುವ ಮೊದಲು ಹೆಬ್ಬೆರಳು ನೋಡಿ. ಎತ್ತರದ ಹಿಡಿತದಲ್ಲಿ ಅದು ಸ್ಲೈಡ್ ಸ್ಟಾಪ್ (ಸ್ಲೈಡನ್ನು ಹಿಂದೆ ತಡೆಯುವ ಲಿವರ್) ಮೇಲೆ ಕೂತು ಲಿವರನ್ನು ಏಳಗೊಡುವುದಿಲ್ಲ.

ಹೊಸ ಮ್ಯಾಗಜಿನ್ ಹಾಕಿದ ಮೇಲೆ ಲಿವರ್ ಒತ್ತಬೇಕೋ, ಸ್ಲೈಡ್ ಹಿಡಿದೆಳೆದು ಬಿಡಬೇಕೋ ಎಂಬ ಜಗಳ ಹಳೆಯದು. ಗಾಬರಿಯಲ್ಲಿ ಸಣ್ಣ ಲಿವರ್ ಸಿಗುವುದಿಲ್ಲ ಎನ್ನುತ್ತಾರೆ. ಮ್ಯಾಗಜಿನ್ ಬಟನ್ ಒತ್ತಲು ಬಂದ ಹೆಬ್ಬೆರಳಿಗೆ ಲಿವರ್ ಮಾತ್ರ ಯಾಕೆ ಸಿಗದು? ಲಿವರೇ ವೇಗ, ಎಳೆಯುವುದನ್ನು ಬೇರೆಯವರ ಗನ್ನಿಗಾಗಿ ಕಲಿತಿರಲಿ. ಇದಕ್ಕೆ ಮ್ಯಾಗಜಿನ್ನಿನಲ್ಲಿ ಡಮ್ಮಿ ಬೇಕೇ ಬೇಕು. ಖಾಲಿಯಿದ್ದರೆ ಫಾಲೋವರ್ (ಗುಂಡನ್ನು ಮೇಲೆತ್ತುವ ತಟ್ಟೆ) ಲಿವರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ಅಂಗಿಯ ಕೆಳಗಿರುವ ಒಂಟಿ ಪೌಚಿನಿಂದ ಪಾರ್ 3.0. ಪಂದ್ಯದ ಬೆಲ್ಟಿಗೆ 2.0. ಆ ಒಂದು ಸೆಕೆಂಡು ಬಟ್ಟೆಯದ್ದು.

ವಾರ 5: ಉಳಿದ ಗುಂಡು ಜೇಬಿಗೆ

1996ರಲ್ಲಿ ಶುರುವಾದ, ಆತ್ಮರಕ್ಷಣೆ ಮಾದರಿಯ ಪಂದ್ಯಗಳ ಐಡಿಪಿಎಯಲ್ಲಿ ಗುಂಡು ಉಳಿದ ಮ್ಯಾಗಜಿನ್ನನ್ನು ನೆಲಕ್ಕೆ ಬಿಟ್ಟು ಮುಂದೆ ಹೋಗುವಂತಿಲ್ಲ. ದಾರಿ ಎರಡು. ಟ್ಯಾಕ್ಟಿಕಲ್ ರೀಲೋಡ್‌ನಲ್ಲಿ ಒಂದೇ ಅಂಗೈಯಲ್ಲಿ ಎರಡು ಮ್ಯಾಗಜಿನ್, ಹಳೆಯದು ತೆಗೆದ ಕ್ಷಣವೇ ಹೊಸದು ಒಳಗೆ. ರಿಟೆನ್ಷನ್‌ನಲ್ಲಿ ಹಳೆಯದು ಮೊದಲು ಜೇಬಿಗೆ. ಡಬಲ್ ಸ್ಟ್ಯಾಕ್ (ಗುಂಡು ಎರಡು ಸಾಲಿನ) ಮ್ಯಾಗಜಿನ್ನಿನ ದಪ್ಪಕ್ಕೆ ಸಣ್ಣ ಕೈಯವರಿಗೆ ಎರಡನೆಯದೇ ವಾಸಿ. ವಾರಕ್ಕೆ ಎರಡು ದಿನ ಸಾಕು, ಇದಕ್ಕೆ ಗಡಿಯಾರ ಬೇಡ.

ಎಚ್ಚರ: 17ಕ್ಕೆ 17 ತುಂಬಿದ ಮ್ಯಾಗಜಿನ್, ಮುಚ್ಚಿದ ಸ್ಲೈಡಿನ ಕೆಳಗೆ ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ, ಮೇಲಿನ ಗುಂಡಿಗೆ ಕೆಳಕ್ಕೆ ಹೋಗಲು ಜಾಗವಿಲ್ಲ. ಕೂತಂತೆ ಕಂಡು ಮೊದಲ ಹೊಡೆತಕ್ಕೇ ಉದುರುತ್ತದೆ. ಒಂದು ಕಮ್ಮಿ ತುಂಬಿ, ಅಂಗೈ ಬುಡದಿಂದ ಗುದ್ದಿ, ಎಳೆದು ನೋಡಿ.

ವಾರ 6: ಒಂದೇ ಕೈ

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಎಫ್‌ಬಿಐ ಗುಂಡಿನ ಕಾಳಗದಲ್ಲಿ ಕೈಗೆ ಗಾಯವಾದ ಏಜೆಂಟರಿಗೆ ರಿವಾಲ್ವರ್ ತುಂಬುವುದೇ ಕಷ್ಟವಾಯಿತು. ಪಂದ್ಯದಲ್ಲಿ ಇದು ಬರುವುದು ಅಪರೂಪ. ಕ್ರಮ: ಸ್ಲೈಡ್ ಹಿಂದೆ ನಿಂತ ಗನ್ನನ್ನು ಹೋಲ್‌ಸ್ಟರಿಗೆ ಅಥವಾ ಮಂಡಿ ಸಂದಿಗೆ ಸಿಕ್ಕಿಸು, ಅದೇ ಕೈಯಲ್ಲಿ ಹೊಸ ಮ್ಯಾಗಜಿನ್ ಹಾಕು, ಹಿಡಿತ ತೆಗೆದುಕೊಂಡು ಲಿವರ್ ಒತ್ತು. ಲಿವರ್ ಕೈಕೊಟ್ಟರೆ ಗುರಿ ನೋಡುವ ಹಿಂದಿನ ಸೈಟನ್ನು ಬೆಲ್ಟಿಗೆ ಕೊಕ್ಕೆ ಹಾಕಿ ಗನ್ನನ್ನು ಕೆಳಕ್ಕೆ ತಳ್ಳು. ಡಮ್ಮಿಯಲ್ಲೇ, ನಿಧಾನವಾಗಿ, ಮೂತಿ ಯಾವ ಹೊತ್ತಿಗೂ ತೊಡೆಯ ಕಡೆ ನೋಡಬಾರದು. ಮುಂಬದಿ ಇಳಿಜಾರಾಗಿರುವ ಸೈಟು ಬೆಲ್ಟಿನಿಂದ ಜಾರುತ್ತದೆ. ಮುಂದಿನ ವಾರಕ್ಕೆ ನೇರ ಅಂಚಿನದ್ದು ಹಾಕಿಸುವುದು ಬಾಕಿ.