ತುಪ್ಪ ಕುಡಿಯೋ ದಿನಗಳು, ಗಂಜಿ ಕುಡಿಯೋ ದಿನಗಳು

ಪಂಚಕರ್ಮ, ಅಂದ್ರ ಆಯುರ್ವೇದದಾಗ ಮೈ ಶುದ್ಧಿ ಮಾಡೋ ಐದು ಚಿಕಿತ್ಸೆ, ಮಾಡಿಸ್ಕೊಂಡು ಬಂದೆ ಅಂತ ಯಾರಿಗಾದ್ರೂ ಹೇಳಿ ನೋಡ್ರಿ, ಒಂದೋ "ಮಸಾಜ್ ಹೆಂಗಿತ್ತು" ಅಂತಾರ, ಇಲ್ಲಾ "ಎಷ್ಟ ಸಲ ಸಂಡಾಸಕ್ಕ ಓಡಿದಿ" ಅಂತ ಕೇಳಿ ನಗ್ತಾರ. ಎರಡೂ ಅದರಾಗ ಬರ್ತಾವು ಖರೆ, ಆದ್ರ ನಂಗ ಕೇಳಿದ್ರ ಅಸಲಿ ಕೆಲಸ ಇರೋದು ಮೊದಲು ಕುಡಿಯೋ ತುಪ್ಪದಾಗ ಮತ್ತ ಆಮ್ಯಾಲ ಕುಡಿಯೋ ಗಂಜಿಯೊಳಗ. ಇವೆರಡೂ ಯಾವ ಪೋಸ್ಟರ್ ಮ್ಯಾಲೂ ಇರಂಗಿಲ್ಲ. ತುಪ್ಪ ಕುಡಿದು ಮಾರಿ ಕಿವುಚಿಕೊಂಡು ಕುಂತವರ ಫೋಟೋ ಹಾಕಿದ್ರ ಗಿರಾಕಿ ಯಾರ ಬರ್ತಾರ ಹೇಳ್ರಿ, ಹಂಗಾಗಿ ಹಣಿ ಮ್ಯಾಲ ಎಣ್ಣಿ ಸುರಿಯೋ ಫೋಟೋನ ಹಾಕ್ತಾರ, ಆ ಶಿರೋಧಾರಾ ಪಂಚಕರ್ಮದ ಐದರಾಗ ಬರೋದ ಇಲ್ಲ.

ಆ ಐದು ಯಾವಂದ್ರ ವಮನ, ವಿರೇಚನ, ಬಸ್ತಿ, ನಸ್ಯ, ರಕ್ತಮೋಕ್ಷಣ. ಅಂದ್ರ ವಾಂತಿ ಮಾಡಿಸೋದು, ಭೇದಿ ಮಾಡಿಸೋದು, ಗುದದಿಂದ ಕಷಾಯ ಇಲ್ಲಾ ಎಣ್ಣಿ ಕೊಡೋದು, ಮೂಗಿಗೆ ಔಷಧ ಬಿಡೋದು, ರಕ್ತ ತಗಿಯೋದು. ಚರಕರ ಲೆಕ್ಕದಾಗ ರಕ್ತಮೋಕ್ಷಣ ಇಲ್ಲ, ಅವರು ಬಸ್ತಿಯನ್ನ ಕಷಾಯದ್ದು ಬ್ಯಾರೆ ಎಣ್ಣಿದು ಬ್ಯಾರೆ ಅಂತ ಎರಡು ಮಾಡಿ ಐದು ಎಣಿಸ್ತಾರ. ಮೈಗೆ ಎಣ್ಣಿ ಹಚ್ಚೋದು, ಬೆವರು ತರಿಸೋದು ಎಲ್ಲಾ ಪೂರ್ವಕರ್ಮ, ತಯಾರಿ ಅಷ್ಟ.

ನಂದು ಮೈಮ್ಯಾಲ ಗಂಧಿ ಏಳೋ ತ್ರಾಸು. ಬಾಗಲಕೋಟಿ ನವನಗರದ ಸೆಕೆಗೋ ನಮ್ಮ ಮನಿ ಖಾರಕ್ಕೋ, ಸಂಜಿ ಆದ್ರ ಕೈಕಾಲೆಲ್ಲಾ ಕೆಂಪಗ ಉಬ್ಬಿ ತುರಿಕಿ. ಗುಳಿಗಿ ನುಂಗಿದಾಗ ಹೋಗೋದು, ಬಿಟ್ಟರ ಮತ್ತ ಬರೋದು. ಆಯುರ್ವೇದ ಡಾಕ್ಟರ್ ಮೇಡಂ ನೋಡಿ, ರಕ್ತ ಟೆಸ್ಟ್ ಮಾಡಿಸಿ, ಬಿಪಿ ನೋಡಿ, ಮಳಿಗಾಲ ಮುಗೀಲಿ ಆಮ್ಯಾಲ ವಿರೇಚನ ಮಾಡೋಣು ಅಂದ್ರು. ಮಳಿ ಹೋಗಿ ಬಿಸಲು ಬೀಳೋ ಶರದೃತುವಿನಾಗ ಪಿತ್ತ ಕೆರಳ್ತದ, ಅದಕ್ಕ ಆವಾಗ ವಿರೇಚನ. ವಸಂತದಾಗ ಕಫಕ್ಕ ವಮನ. ಮಳಿಗಾಲದಾಗ ವಾತಕ್ಕ ಬಸ್ತಿ, ಇದು ಶಾಸ್ತ್ರದ ಲೆಕ್ಕ. ರೋಗ ಜೋರಿದ್ರ ಋತು ಕಾಯಂಗಿಲ್ಲ, ನಂದು ಕಾಯೋವಂಥದ್ದು ಅಂತ ಕಾಣ್ತದ.

ಮೊದಲು ಹಸಿವು ಚಲೋ ಆಗ್ಲಿ ಅಂತ ದೀಪನ ಪಾಚನದ ಚೂರ್ಣ ಕೊಟ್ರು, ಆಮ್ಯಾಲ ಶುರು ಆತು ತುಪ್ಪ. ನಾನು ತುಪ್ಪ ಅಂದ್ರ ಹೋಳಿಗಿ ಮ್ಯಾಲ ಸುರ್ಕೊಳ್ಳೋ ತುಪ್ಪ ಅಂತ ತಿಳ್ಕೊಂಡು ಖುಷಿಲೆ ಹೋಗಿದ್ದೆ. ಇದು ಮಹಾತಿಕ್ತಕ ಘೃತ, ಹೆಸರಿನಾಗ ಕಹಿ ಐತಿ, ನಾಲಿಗಿಗೂ ಅಷ್ಟ ಕಹಿ. ಮುಂಜಾನಿ ಸೂರ್ಯ ಹುಟ್ಟಿದ ಮ್ಯಾಲ ಖಾಲಿ ಹೊಟ್ಟಿಲೆ, ಬೆಚ್ಚಗ ಕರಗಿಸಿ ಸ್ಟೀಲ್ ಬಟ್ಟಲದಾಗ ಹಸರಗ ಮಿಂಚೋ ಆ ತುಪ್ಪ ಕೈಗೆ ಕೊಡ್ತಾರ. ಮೂಗು ಹಿಡ್ಕೊಂಡು ಗಟಗಟ ಕುಡೀಬೇಕು, ಮ್ಯಾಲ ಬಿಸಿನೀರು. ತುಟಿಗೆ ಅಂಟಿದ್ದು ಎಷ್ಟ ತೊಳದ್ರೂ ಹೋಗಂಗಿಲ್ಲ, ತೇಗು ಬಂದಾಗೆಲ್ಲಾ ಅದ ವಾಸನಿ. ಹಗಲು ಮಲಗಂಗಿಲ್ಲ, ಫ್ಯಾನ್ ಕೆಳಗ ಕೂಡಂಗಿಲ್ಲ, ತಣ್ಣೀರು ಮುಟ್ಟಂಗಿಲ್ಲ, ಖರೆ ಹಸಿವು ಆಗೋತನ ಏನೂ ತಿನ್ನಂಗಿಲ್ಲ. ಸಿಸ್ಟರ್ ತಾಸಿಗೊಮ್ಮೆ ಬಂದು "ಹಸಿವಾತೇನ್ರೀ ಅಕ್ಕಾರ" ಅಂತ ಕೇಳಿ ಬರ್ಕೊಂಡು ಹೋಗೋರು. ನಂಗ ಮೊದಲು ಇದು ಬರೇ ಕುಶಲ ಕೇಳೋದು ಅನ್ನಿಸಿತ್ತು, ಹಂಗಲ್ಲ, ಕುಡಿದ ತುಪ್ಪ ಎಷ್ಟ ತಾಸಿಗೆ ಜೀರ್ಣ ಆತು ಅನ್ನೋದರ ಮ್ಯಾಲ ಮರುದಿನದ ಅಳತಿ ಏರಿಸ್ತಾರ. ಕೋಠಾ ಮೆತ್ತಗಿದ್ದವರಿಗೆ, ಅಂದ್ರ ಹೊಟ್ಟಿ ಲಗೂನ ಸಡಿಲಾಗೋರಿಗೆ, 3 ದಿನಕ್ಕ ಸಾಕು, ಗಟ್ಟಿ ಇದ್ದವರಿಗೆ 7 ದಿನ, ಅದಕ್ಕಿಂತ ಮುಂದ ಹೋಗೋದಿಲ್ಲ. ಚರ್ಮ ನುಣುಪಾಗಿ, ಮಲದಾಗ ಜಿಡ್ಡು ಕಂಡು, ತುಪ್ಪ ನೋಡಿದ್ರ ವಾಕರಿಕಿ ಬಂದ್ರ ಆವಾಗ ಸಾಕು ಅಂತಾರ. ವಾಕರಿಕಿ ನಂಗ ಮೊದಲನೇ ದಿನಾನ ಬಂದಿತ್ತು, ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.

ಆಮ್ಯಾಲ 3 ದಿನ ಮೈಗೆ ಎಣ್ಣಿ ಹಚ್ಚಿ ಉಗಿ ಕೊಡೋದು, ಎಲ್ಲಾರೂ ಕೇಳೋ ಮಸಾಜ್ ಇದ, ಆರಾಮ ಇರ್ತದ, ಅದರ ಬಗ್ಗೆ ಬರಿಯೋದು ಏನಿಲ್ಲ.

ಆ ದಿನಗಳಾಗ ನಾನು ನೋಡ್ಕೋಂತ ಕೂಡ್ತಿದ್ದದ್ದು ಬಸ್ತಿ ಕಲಸೋದನ್ನ. ಜಮಖಂಡಿ ಕಡೆಯ ಅಜ್ಜಾರೊಬ್ಬರು ಸೊಂಟನೋವಿಗೆ ಬಂದಿದ್ರು, ಅವರಿಗೆ ಯೋಗಬಸ್ತಿ, ಅಂದ್ರ ಎಣ್ಣಿದು ಕಷಾಯದ್ದು ಕೂಡಿ ಒಟ್ಟು 8. ಕಲಸೋ ಹುಡುಗ ಮೊದಲು ಜೇನುತುಪ್ಪದಾಗ ಸೈಂಧವ ಉಪ್ಪು ಹಾಕಿ ತಿಕ್ಕೋನು, ಅದು ಒಂದಾದ ಮ್ಯಾಲ ಎಣ್ಣಿ ಸ್ವಲ್ಪ ಸ್ವಲ್ಪ ಬಿಡ್ಕೋಂತ ಕಡೆಯೋನು, ಆಮ್ಯಾಲ ಕಲ್ಕ ಅಂದ್ರ ಔಷಧದ ಮುದ್ದಿ, ಕಡೀಕ ಬೆಚ್ಚನ ಕಷಾಯ. ಈ ವರಸಿ ತಪ್ಪಂಗಿಲ್ಲ, ತಪ್ಪಿದ್ರ ಎಣ್ಣಿ ಒಂದು ಕಡೆ ನೀರು ಒಂದು ಕಡೆ ಒಡದು ನಿಲ್ತದ. ಕಷಾಯದ ಬಸ್ತಿ ಖಾಲಿ ಹೊಟ್ಟಿಲೆ, ಅದು ಒಂದು ಮುಹೂರ್ತ ಅಂದ್ರ 48 ನಿಮಿಷದೊಳಗ ಹೊರಗ ಬರಬೇಕು; ಎಣ್ಣಿದು ಊಟ ಆದ ಮ್ಯಾಲ, ಅದು ತಾಸುಗಟ್ಟಲೆ ಒಳಗ ನಿಂತ್ರ ಒಳ್ಳೇದು. ನಿಸರ್ಗ ಚಿಕಿತ್ಸೆಯಾಗ ಬರೇ ನೀರಿನ ಎನಿಮಾ ಕೊಡ್ತಾರಲ್ಲ, ಭಾಳ ಮಂದಿ ಎರಡೂ ಒಂದ ಅಂತಾರ, ಒಂದ ಅಲ್ಲ.

ವಿರೇಚನದ ದಿನ ಮುಂಜಾನಿ ಚಾ ಟೈಮ್ ಮುಗಿದ ಮ್ಯಾಲ ತ್ರಿವೃತ್ ಲೇಹ್ಯ ಕೊಟ್ರು. ವಾಂತಿ ಆಗಬಾರದು ಅಂತ ನಿಂಬಿಹಣ್ಣು ಮೂಸ್ಕೋಂತ ಕೂತೆ. ಮುಂದಿನದ್ದು ನಿಮಗ ಗೊತ್ತ ಐತಿ. ಒಬ್ಬರು ಪಟ್ಟಿ ಹಿಡ್ಕೊಂಡು ಎಣಿಸ್ತಾರ, ನಡುನಡುವ ಬಿಪಿ ನಾಡಿ ನೋಡ್ತಾರ, ಗುಟುಕು ಗುಟುಕು ಬಿಸಿನೀರು ಕುಡಿಸ್ತಾರ. ಶಾಸ್ತ್ರದಾಗ 10 ವೇಗ, ಅಂದ್ರ 10 ಸಲ ಭೇದಿ ಆದ್ರ, ಕಡಿಮಿ ಶುದ್ಧಿ, 20 ಮಧ್ಯಮ, 30 ಉತ್ತಮ ಅಂತ ಲೆಕ್ಕ, ಬರೇ ಎಣಿಕಿ ಅಲ್ಲ, ಕಡೀಕ ಬರೇ ಕಫ ಬಂದ್ರ ಮುಗೀತು ಅಂತ. ನಂದು ಎಷ್ಟಾತು ಅಂತ ಬರಿಯಂಗಿಲ್ಲ, ನಮ್ಮ ಮೈದುನ ಈ ಬ್ಲಾಗ್ ಓದ್ತಾನ.

ಇನ್ನ ಗಂಜಿ. ಮನಿಗೆ ಬಂದೆ, ಹೊಟ್ಟಿ ಹಗುರ, ಹಸಿವು ಅಂದ್ರ ಹಸಿವು, ಅಡಗಿಮನಿಯಾಗ ಅತ್ತಿಯವರು ಟಪಟಪ ರೊಟ್ಟಿ ಬಡಿಯಾಕತ್ತಾರ, ಒಲಿ ಮ್ಯಾಲ ಎಣ್ಣಿಗಾಯಿ ಬದ್ನಿಕಾಯಿ, ಬಾಜೂಕ ಶೇಂಗಾ ಹಿಂಡಿ ಕೆಂಪು ಖಾರ, ಮತ್ತ ನನ್ನ ತಾಟಿನಾಗ ಅಕ್ಕಿ ಬೆಂದ ನೀರು! ಮೊದಲು ಪೇಯಾ ಅಂದ್ರ ತೆಳ್ಳನ ಗಂಜಿ, ಆಮ್ಯಾಲ ವಿಲೇಪಿ ಅಂದ್ರ ಗಟ್ಟಿ ಗಂಜಿ, ಆಮ್ಯಾಲ ಹೆಸರುಬ್ಯಾಳಿ ಕಟ್ಟು, ಮೊದಲು ಉಪ್ಪು ಒಗ್ಗರಣಿ ಇಲ್ಲದ್ದು ಆಮ್ಯಾಲ ಹಾಕಿದ್ದು. ಶುದ್ಧಿ ಎಷ್ಟ ಆಗೇತಿ ಅನ್ನೋದರ ಮ್ಯಾಲ 3, 5 ಇಲ್ಲಾ 7 ದಿನ. ಕಡೀಗೆ ಮಾಂಸದ ರಸ ಬರ್ತದ ಶಾಸ್ತ್ರದಾಗ, ನಮ್ಮದು ಲಿಂಗಾಯತರ ಮನಿ, ಬ್ಯಾಳಿ ಕಟ್ಟಿನಾಗ ಮುಗಿಸಿದ್ವಿ. "ಇಷ್ಟ ಸೊರಗಿದಾಕಿ, ಅರ್ಧ ರೊಟ್ಟಿ ತಿಂದ್ರ ಏನಾಗ್ತದವಾ" ಅಂತ ಅತ್ತಿಯವರು ದಿನಾ ಅನ್ನೋರು. ಚರಕರು ಇದಕ್ಕ ಚಂದ ಹೇಳ್ಯಾರ: ಸಣ್ಣ ಕಿಡಿಗೆ ಮೊದಲು ಹುಲ್ಲು, ಆಮ್ಯಾಲ ಸಗಣಿ ಪುಡಿ, ಹಂಗ ಹಂಗ ಹಾಕಿ ಬೆಂಕಿ ದೊಡ್ಡದು ಮಾಡಬೇಕು, ಹೊಟ್ಟಿ ಅಗ್ನಿನೂ ಹಂಗ ಅಂತ. ಇದನ್ನ ಅತ್ತಿಯವರಿಗೆ ಹೇಳಿದ ಮ್ಯಾಲ ಸುಮ್ಮನಾದ್ರು, ಕುಳ್ಳಿನ ಒಲಿ ಹಚ್ಚಿದವರಿಗೆ ಅದು ಲಗೂನ ತಿಳೀತದ.

ಅದಕ್ಕ ಈ ಶನಿವಾರ ಭಾನುವಾರದ ಡಿಟಾಕ್ಸ್ ಪ್ಯಾಕೇಜ್ ನೋಡಿದ್ರ ನಂಗ ಸಿಟ್ಟು ಬರ್ತದ. ಎರಡು ದಿನದಾಗ ತುಪ್ಪ ಯಾವಾಗ, ಉಗಿ ಯಾವಾಗ, ಗಂಜಿ ಯಾವಾಗ? ಎಣ್ಣಿ ಹಚ್ಚಿ ಕಳಸ್ತಾರ, ಅದು ತಪ್ಪಲ್ಲ, ಆದ್ರ ಅದಕ್ಕ ಪಂಚಕರ್ಮ ಅನ್ನಬಾರದು. ಮೈಯಾಗಿನ ವಿಷ ಎಲ್ಲಾ ಹೊರಗ ಹಾಕ್ತೀವಿ ಅಂತ ಬ್ಯಾರೆ ಬರೀತಾರ, ದಿನದ ಕಸ ಹೊರಗ ಹಾಕಾಕ ಲಿವರ್ ಕಿಡ್ನಿ ಅದಾವ, ಶಾಸ್ತ್ರ ಮಾತಾಡೋದು ಕೆರಳಿದ ದೋಷದ ಬಗ್ಗೆ, ಎರಡನ್ನೂ ಕಲಸಿ ಯಾಕ ಮಾರಬೇಕು. ಇನ್ನೊಂದು ಕಡೆ ಮನಿಯಾಗ ಔಡಲೆಣ್ಣಿ ಕುಡಿದು ಜುಲಾಬು ತಗೊಳ್ಳೋರು. ಸಣ್ಣವರಿದ್ದಾಗ ನಮ್ಮವ್ವನೂ ಹಿಡಿದು ಕುಡಿಸ್ಯಾಳ, ಆದ್ರ ವಯಸ್ಸಾದವರು, ಬಸುರಿ ಹೆಣಮಕ್ಕಳು, ಹಾರ್ಟ್ ತ್ರಾಸು ಇದ್ದವರು ಯೂಟ್ಯೂಬ್ ನೋಡಿ ಇದನ್ನ ಮಾಡಬಾರದ್ರಿ, ನೀರು ಉಪ್ಪು ಮೈಯಿಂದ ಹೋಗಿ ತಲಿ ತಿರುಗಿ ಬಿದ್ರ ಯಾರ ನೋಡೋರು. ನಮ್ಮ ಕಡೆ ಆಯುರ್ವೇದ ಕಾಲೇಜು ಆಸ್ಪತ್ರೆಗಳಿಗೇನು ಬರ ಇಲ್ಲ, ಬಾಗಲಕೋಟಿಯಾಗ ಬಿವಿವಿ ಸಂಘದ್ದು, ವಿಜಯಪುರದಾಗ ಬಿಎಲ್‌ಡಿಇದು, ಬೆಳಗಾವಿ ಶಹಾಪುರದಾಗ ಕೆಎಲ್‌ಇ ಕಂಕಣವಾಡಿ ಕಾಲೇಜು ಅಂತೂ 1933ರದ್ದು.

ಗಂಧಿ ಈಗ ಭಾಳ ಕಡಿಮಿ. ಆದ್ರ ಮೇಡಂ ರಾತ್ರಿ ಮೊಸರು, ಹಗಲು ನಿದ್ದಿ, ಹಿಂಡಿ ಮ್ಯಾಲ ಹಿಂಡಿ ಎಲ್ಲಾ ಬಿಡಿಸ್ಯಾರ, ಅದರದ್ದೂ ಪಾಲು ಐತಿ. ಈಗ ಅತ್ತಿಯವರು ತಮ್ಮ ಮೊಣಕಾಲಿಗೆ ಬಸ್ತಿ ಮಾಡಿಸ್ಕೋತೀನಿ ಅಂತ ಬೆನ್ನು ಹತ್ಯಾರ. ಅವರಿಗೆ ಶುಗರ್ ಗುಳಿಗಿ ನಡದಾವ, ಮೊದಲು ಆ ಡಾಕ್ಟರ್‌ಗೆ ಒಂದು ಮಾತು ಕೇಳಿ, ಮಳಿಗಾಲ ಹಿಡದ ಮ್ಯಾಲ ನೋಡೋಣು ಅಂದೀವಿ.