ರೈಜೆನ್ 5600ಎಕ್ಸ್ ಓವರ್‌ಕ್ಲಾಕಿಂಗ್: ವೋಲ್ಟೇಜ್ ಏರಿಸಬೇಡಿ, ಇಳಿಸಿ

ಪ್ರೊಸೆಸರನ್ನು ಕಾರ್ಖಾನೆ ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ಅದಕ್ಕೆ ಮಲ್ಟಿಪ್ಲೈಯರ್ (ವೇಗ ನಿರ್ಧರಿಸುವ ಗುಣಕ) ಏರಿಸು, ಸಿಸ್ಟಮ್ ಸ್ಥಿರವಾಗಿ ನಿಲ್ಲದಿದ್ದರೆ ಇನ್ನಷ್ಟು ವೋಲ್ಟೇಜ್ ತುಂಬು ಎಂಬ ಹಳೆಯ ಪಾಠ ಇನ್ನೂ ಚಲಾವಣೆಯಲ್ಲಿದೆ. 2020ರ ನವೆಂಬರ್‌ನಲ್ಲಿ ಬಂದ ಎಎಂಡಿ ರೈಜೆನ್ 5 5600ಎಕ್ಸ್‌ನಂಥ ಪ್ರೊಸೆಸರ್‌ಗೆ ಆ ಪಾಠ ನಷ್ಟದ ಬಾಬ್ತು. ಇದರ ಬೇಸ್ ವೇಗ 3.7 ಗಿಗಾಹರ್ಟ್ಸ್, ಬೂಸ್ಟ್ 4.6. ಇದರ ಆರು ಕೋರ್‌ಗಳಲ್ಲಿ (ಲೆಕ್ಕ ಮಾಡುವ ಘಟಕಗಳು) ಒಂದೆರಡಕ್ಕೆ ಮಾತ್ರ ಕೆಲಸ ಬಿದ್ದಾಗ ತಾನಾಗಿಯೇ 4.6 ಮುಟ್ಟುತ್ತದೆ, ಆರೂ ಕೋರ್‌ಗೆ ಬಿದ್ದಾಗ ವಿದ್ಯುತ್ ಮಿತಿಗೆ ತಕ್ಕಂತೆ ಕೆಳಗಿಳಿಯುತ್ತದೆ. ಎಲ್ಲ ಕೋರ್‌ಗಳನ್ನೂ 4.5ಕ್ಕೆ ಕಟ್ಟಿಹಾಕಿದರೆ ರೆಂಡರಿಂಗ್‌ನಲ್ಲಿ ಒಂದಿಷ್ಟು ಸಿಗುತ್ತದೆ, ಆದರೆ ಗೇಮ್‌ಗೂ ಬ್ರೌಸರ್‌ಗೂ ಬೇಕಾದ ಆ 4.6 ಕೈತಪ್ಪುತ್ತದೆ.

ಲೆಕ್ಕ ಒಮ್ಮೆ ನೋಡಿ. ಚಿಪ್ ತಿನ್ನುವ ವಿದ್ಯುತ್ ವೇಗ ಏರಿದಷ್ಟೇ ಏರುತ್ತದೆ, ಆದರೆ ವೋಲ್ಟೇಜ್ ಏರಿದರೆ ಅದರ ವರ್ಗದಷ್ಟು ಏರುತ್ತದೆ. 4.4ರಿಂದ 4.65 ಗಿಗಾಹರ್ಟ್ಸ್‌ಗೆ ಹೋಗಲು 1.20 ವೋಲ್ಟನ್ನು 1.30ಕ್ಕೆ ಒಯ್ದಿರಿ ಅನ್ನಿ. ವೇಗ ಏರಿದ್ದು ಶೇ. 6ರಷ್ಟೂ ಇಲ್ಲ, ವಿದ್ಯುತ್ ಮಾತ್ರ ಶೇ. 24 ಹೆಚ್ಚು. ಅದೆಲ್ಲ ಬಿಸಿಯಾಗಿಯೇ ಹೊರಬರಬೇಕು. ಇದನ್ನೇ ತಿರುಗಿಸಿ ಹಾಕಿ: ಅದೇ ವೇಗಕ್ಕೆ ಕಡಿಮೆ ವೋಲ್ಟೇಜ್ ಸಾಕು ಎಂದು ಚಿಪ್ಪಿಗೆ ಹೇಳಿದರೆ, ಉಳಿದ ವಿದ್ಯುತ್ತನ್ನೂ ತಂಪನ್ನೂ ಅದು ತಾನೇ ಬೂಸ್ಟ್‌ಗೆ ಬಳಸಿಕೊಳ್ಳುತ್ತದೆ. ಎಎಂಡಿಯ ಪಿಬಿಒ (ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್, ವಿದ್ಯುತ್ ಮಿತಿ ಸಡಿಲಿಸುವ ಸೌಲಭ್ಯ) ಮತ್ತು ಕರ್ವ್ ಆಪ್ಟಿಮೈಜರ್ (ಆಯಾ ವೇಗಕ್ಕೆ ಕೊಡುವ ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಮಾಡುವುದು ಇಷ್ಟನ್ನೇ.

ಮದರ್‌ಬೋರ್ಡ್ ಬಿ550, ಎಕ್ಸ್570 ಅಥವಾ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಆದ ಬಿ450 ಇರಲಿ. ಎ520ಯಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ. ಸಾಕೆಟ್ ಪಕ್ಕದ ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇದೆಯೇ ನೋಡಿ; ಬೋಳಾಗಿದ್ದರೆ ವಿದ್ಯುತ್ ಮಿತಿ ಏರಿಸುವ ಆಸೆ ಬಿಡಿ. ಕ್ಯಾಬಿನೆಟ್ ತುಂಬ ಬಣ್ಣದ ಲೈಟ್ ಹಾಕಿ ಹೆಸರಿಲ್ಲದ ಎಸ್‌ಎಂಪಿಎಸ್ (ಪವರ್ ಸಪ್ಲೈ) ಕೂರಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಮುಡಿದ ಹಾಗೆ. ಪಿಬಿಒ ಎಎಂಡಿಯದೇ ಸೌಲಭ್ಯವಾದರೂ ಅದನ್ನು ಆನ್ ಮಾಡಿದರೆ ವಾರಂಟಿ ಹೋಗುತ್ತದೆ ಎಂದು ಅದೇ ಎಎಂಡಿ ಬರೆದಿಟ್ಟಿದೆ, ಅದೂ ಗೊತ್ತಿರಲಿ.

ಮುಟ್ಟುವ ಮೊದಲು ಕೆಲವು ಕೆಲಸ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಬಯೋಸ್ ಅಪ್‌ಡೇಟ್ ಆದಮೇಲೆ ವಿಂಡೋಸ್ ಅದನ್ನು ಕೇಳುವ ಸಾಧ್ಯತೆ ಜಾಸ್ತಿ. ಅಪ್‌ಡೇಟನ್ನು ಯುಪಿಎಸ್ ಮೇಲೇ ಮಾಡಿ, ನಡುವೆ ಕರೆಂಟ್ ಹೋದರೆ ಬೋರ್ಡ್ ಏಳುವುದೇ ಕಷ್ಟ. ಫೈಲ್‌ಗಳ ಬ್ಯಾಕಪ್ ತೆಗೆಯಿರಿ, ಏಕೆಂದರೆ ಅಸ್ಥಿರ ಪ್ರೊಸೆಸರ್ ಯಾವಾಗಲೂ ಕ್ರ್ಯಾಶ್ ಆಗಿಯೇ ತಿಳಿಸಬೇಕೆಂದಿಲ್ಲ. ಸದ್ದಿಲ್ಲದೆ ತಪ್ಪು ಲೆಕ್ಕ ಮಾಡಿ ಅದನ್ನೇ ಡಿಸ್ಕಿಗೆ ಬರೆದುಬಿಡಬಹುದು. ರ‍್ಯಾಮ್‌ನ ಎಕ್ಸ್‌ಎಂಪಿ (ಅದರ ವೇಗ ಏರಿಸುವ ಸಿದ್ಧ ಪ್ರೊಫೈಲ್) ಆಫ್ ಮಾಡಿ. ಅದೂ ಓವರ್‌ಕ್ಲಾಕೇ; ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ.

ಈಗ ಏನೂ ಬದಲಿಸದೆ ಪ್ರೊಸೆಸರ್ ವೇಗ ಅಳೆಯುವ ಸಿನಿಬೆಂಚ್ ಆರ್23ರ ಮಲ್ಟಿ ಕೋರ್ ಪರೀಕ್ಷೆಯನ್ನು 10 ನಿಮಿಷ ಓಡಿಸಿ, ಜೊತೆಗೆ ತಾಪಮಾನ, ವೇಗ ತೋರಿಸುವ ಎಚ್‌ಡಬ್ಲ್ಯುಇನ್ಫೋ (HWiNFO) ತೆರೆದಿಟ್ಟು ಸ್ಕೋರ್, ಗರಿಷ್ಠ ತಾಪಮಾನ, ವ್ಯಾಟ್ ಬರೆದುಕೊಳ್ಳಿ. 5600ಎಕ್ಸ್‌ಗೆ ಸ್ಕೋರ್ ಸುಮಾರು 11,000 ಬರಬೇಕು. ಈ ಹಂತದಲ್ಲೇ 85 ಡಿಗ್ರಿ ದಾಟಿದರೆ ಓವರ್‌ಕ್ಲಾಕ್ ಮಾತು ಆಮೇಲೆ. ಮೊದಲು ಧೂಳು, ಥರ್ಮಲ್ ಪೇಸ್ಟ್, ಕೂಲರ್ ನೋಡಿಕೊಳ್ಳಿ.

ಬಯೋಸ್‌ನ ಅಡ್ವಾನ್ಸ್ಡ್ ಮೆನುವಿನಲ್ಲಿ ಎಎಂಡಿ ಓವರ್‌ಕ್ಲಾಕಿಂಗ್, ಅದರೊಳಗೆ ಪ್ರಿಸಿಷನ್ ಬೂಸ್ಟ್ ಓವರ್‌ಡ್ರೈವ್. ಅದನ್ನು ಅಡ್ವಾನ್ಸ್ಡ್‌ಗೆ ಇಟ್ಟರೆ ಮೂರು ಮಿತಿಗಳು ಕಾಣುತ್ತವೆ. ಕಾರ್ಖಾನೆಯ ಲೆಕ್ಕ ಪಿಪಿಟಿ (ಒಟ್ಟು ವಿದ್ಯುತ್) 76 ವ್ಯಾಟ್, ಟಿಡಿಸಿ (ಸತತ ಕರೆಂಟ್) 60 ಆಂಪಿಯರ್, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್) 90 ಆಂಪಿಯರ್. ಡಬ್ಬಿಯಲ್ಲಿ ಬಂದ ಸ್ಟೆಲ್ತ್ ಕೂಲರ್ ಇದ್ದವರು ಈ ಮೂರನ್ನೂ ಹಾಗೇ ಬಿಡಿ. ಒಳ್ಳೆಯ ಟವರ್ ಕೂಲರ್ ಇದ್ದರೆ 100, 70, 100 ಸಾಕು. 'ಮದರ್‌ಬೋರ್ಡ್' ಎಂಬ ಆಯ್ಕೆಯನ್ನು ಒತ್ತಬೇಡಿ. ಅದು ಮಿತಿಗಳನ್ನು ಬೋರ್ಡಿನ ತಾಕತ್ತಿಗೆ ಬಿಟ್ಟುಬಿಡುತ್ತದೆ, ನಿಮ್ಮ ಕೂಲರ್ ಯಾವುದೆಂದು ಅದಕ್ಕೇನು ಗೊತ್ತು. ಥರ್ಮಲ್ ಲಿಮಿಟ್ 85ಕ್ಕೆ ಇಡಿ. ಚಿಪ್ಪಿನ ಗರಿಷ್ಠ ಮಿತಿ 95.

ಆಮೇಲೆ ಕರ್ವ್ ಆಪ್ಟಿಮೈಜರ್. ಆಲ್ ಕೋರ್, ನೆಗೆಟಿವ್, 10 ಎಂದು ಹಾಕಿ. ಒಂದು ಅಂಕಕ್ಕೆ 3ರಿಂದ 5 ಮಿಲಿವೋಲ್ಟ್, ಅಂದರೆ 20ಕ್ಕೆ ಹೋದರೆ 60ರಿಂದ 100 ಮಿಲಿವೋಲ್ಟ್ ಇಳಿಕೆ. ಮೈನಸ್ 30ರವರೆಗೆ ಅವಕಾಶವಿದೆ. 10ರಿಂದ 15, 15ರಿಂದ 20, ಹೀಗೆ ಒಂದೊಂದೇ ಮೆಟ್ಟಿಲು.

ಬಹಳ ಜನ ಎಡವುವುದು ಪರೀಕ್ಷೆಯಲ್ಲಿ. ಸಿನಿಬೆಂಚ್ ಅರ್ಧ ಗಂಟೆ ಓಡಿತು, ಪ್ರೈಮ್95 (ಪ್ರೊಸೆಸರನ್ನು ಪೂರ್ತಿ ದುಡಿಸುವ ಪರೀಕ್ಷೆ) ಒಂದು ಗಂಟೆ ಓಡಿತು, ಮೈನಸ್ 30 ಗಟ್ಟಿ ಎಂದು ತೀರ್ಮಾನಿಸುತ್ತಾರೆ. ಮರುದಿನ ಯೂಟ್ಯೂಬ್ ನೋಡುವಾಗ, ಇಲ್ಲವೇ ಡೆಸ್ಕ್‌ಟಾಪ್ ಸುಮ್ಮನೆ ಕೂತಿದ್ದಾಗ, ನೀಲಿ ಪರದೆಯೂ ಇಲ್ಲದೆ ಟಪ್ ಎಂದು ರೀಸ್ಟಾರ್ಟ್. ಕಾರಣ ಸರಳ: ಆರೂ ಕೋರ್ ದುಡಿಯುವಾಗ ವೇಗ 4.4ರ ಆಸುಪಾಸಿನಲ್ಲೇ ಇರುತ್ತದೆ, ಅಲ್ಲಿ ವೋಲ್ಟೇಜ್‌ಗೆ ಅಂಥ ಕೊರತೆಯಿಲ್ಲ. ಒಂದೇ ಕೋರ್ ತಟ್ಟನೆ 4.6ಕ್ಕೆ ಜಿಗಿದಾಗ ನೀವು ಕಿತ್ತುಕೊಂಡ ಆ 100 ಮಿಲಿವೋಲ್ಟ್ ನೆನಪಾಗುತ್ತದೆ. ಭಾರ ಹೊತ್ತಾಗ ಬೀಳದ್ದು ಬರಿಗೈಯಲ್ಲಿ ಬೀಳುತ್ತದೆ.

ಅದಕ್ಕೇ ಕೋರ್‌ಸೈಕ್ಲರ್ ಬೇಕು. ಪ್ರೈಮ್95 ಅನ್ನು ಒಂದು ಸಲಕ್ಕೆ ಒಂದೇ ಕೋರ್ ಮೇಲೆ ಓಡಿಸುವ ಉಚಿತ ಸ್ಕ್ರಿಪ್ಟ್ ಅದು. ಹಗುರ ಲೆಕ್ಕದ ಎಸ್‌ಎಸ್‌ಇ ಮೋಡ್‌ನಲ್ಲೇ ಇಡಿ. ಭಾರದ ಲೆಕ್ಕದ ಎವಿಎಕ್ಸ್ ಮೋಡ್‌ನಲ್ಲಿ ಬಿಸಿ ಹೆಚ್ಚಾಗಿ ವೇಗ ಇಳಿಯುತ್ತದೆ, ನಮಗೆ ಬೇಕಾಗಿರುವುದು ತುತ್ತತುದಿಯ ವೇಗ. ಕೋರ್‌ಗೆ 6 ನಿಮಿಷದಂತೆ ಆರು ಕೋರ್‌ಗೆ ಒಂದು ಸುತ್ತು 36 ನಿಮಿಷ. ರಾತ್ರಿ ಮಲಗುವಾಗ ಹಚ್ಚಿಬಿಟ್ಟರೆ 8 ಗಂಟೆಯಲ್ಲಿ 13 ಸುತ್ತು ಮುಗಿಯುತ್ತವೆ. ಯಾವ ಕೋರ್ ಸೋತಿತೆಂದು ಅದರ ಲಾಗ್ ಫೈಲ್‌ನಲ್ಲೇ ಬರೆದಿರುತ್ತದೆ.

ಸಿಸ್ಟಮ್ಮೇ ರೀಸ್ಟಾರ್ಟ್ ಆಗಿದ್ದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಹಾರ್ಡ್‌ವೇರ್ ದೋಷ ದಾಖಲಿಸುವ ವಿಯಾ ಲಾಗರ್ (WHEA-Logger) ಹುಡುಕಿ. ಈವೆಂಟ್ 18, ಕ್ಯಾಶ್ ಹೈರಾರ್ಕಿ ಎರರ್ ಎಂದಿದ್ದರೆ ಕೆಳಗೆ ಎಪಿಐಸಿ ಐಡಿ (APIC ID, ಸೋತ ಥ್ರೆಡ್‌ನ ಸಂಖ್ಯೆ) ಇರುತ್ತದೆ. ಒಂದು ಕೋರ್‌ಗೆ ಎರಡು ಥ್ರೆಡ್ ಆದ್ದರಿಂದ ಅದನ್ನು 2ರಿಂದ ಭಾಗಿಸಿ ಶೇಷ ಬಿಡಿ: ಐಡಿ 8 ಅಥವಾ 9 ಅಂದರೆ ಕೋರ್ 4, ಸೊನ್ನೆಯಿಂದ ಎಣಿಸಿದಾಗ. ಈಗ ಆಲ್ ಕೋರ್ ಬಿಟ್ಟು ಪರ್ ಕೋರ್‌ಗೆ ಬಂದು, ಆ ಒಂದು ಕೋರನ್ನಷ್ಟೇ ಮೈನಸ್ 20ರಿಂದ 15ಕ್ಕೆ ತನ್ನಿ. ಸೋಲುವುದು ಸಾಮಾನ್ಯವಾಗಿ ಎಎಂಡಿಯ ರೈಜೆನ್ ಮಾಸ್ಟರ್ ತಂತ್ರಾಂಶದಲ್ಲಿ ನಕ್ಷತ್ರ ಹೊತ್ತ ಅತ್ಯುತ್ತಮ ಕೋರೇ. ಅದಕ್ಕೆ ಕಾರ್ಖಾನೆಯಲ್ಲೇ ವೋಲ್ಟೇಜ್ ಬಿಗಿಯಾಗಿ ಕೊಟ್ಟಿರುತ್ತಾರೆ, ಕತ್ತರಿಸಲು ಹೆಚ್ಚು ಉಳಿದಿರುವುದಿಲ್ಲ. ಅದು ಮೈನಸ್ 5ಕ್ಕೇ ನಿಂತು ಉಳಿದವು 25 ತಾಳಿದರೆ ಅಚ್ಚರಿಪಡಬೇಡಿ.

ಇನ್ನೊಂದು ಮೋಸವಿದೆ. ಪರದೆಯಲ್ಲಿ 4.65 ಕಾಣುತ್ತದೆ, ಸ್ಕೋರ್ ಮಾತ್ರ ಇಳಿದಿರುತ್ತದೆ. ವೋಲ್ಟೇಜ್ ಸಾಲದಾದಾಗ ಚಿಪ್ ಕ್ರ್ಯಾಶ್ ತಪ್ಪಿಸಿಕೊಳ್ಳಲು ಗಡಿಯಾರದ ಬಡಿತಗಳನ್ನೇ ಹಿಗ್ಗಿಸುತ್ತದೆ. ಎಚ್‌ಡಬ್ಲ್ಯುಇನ್ಫೋದಲ್ಲಿ ಕೋರ್ ಕ್ಲಾಕ್ ಬಿಟ್ಟು ಎಫೆಕ್ಟಿವ್ ಕ್ಲಾಕ್ ನೋಡಿ. ಪೂರ್ತಿ ಲೋಡ್‌ನಲ್ಲಿ ಎರಡರ ನಡುವೆ 50 ಮೆಗಾಹರ್ಟ್ಸ್‌ಗಿಂತ ಹೆಚ್ಚು ಅಂತರವಿದ್ದರೆ ಹಿಂದೆ ಸರಿಯಿರಿ.

ಕರ್ವ್ ಗಟ್ಟಿಯಾದ ಮೇಲೆಯೇ ಬೂಸ್ಟ್ ಓವರ್‌ರೈಡ್ (ಬೂಸ್ಟ್‌ನ ತುದಿ ಏರಿಸುವ ಆಯ್ಕೆ). 200 ಮೆಗಾಹರ್ಟ್ಸ್‌ವರೆಗೆ ಕೊಡಬಹುದು, ನಮ್ಮ ಸಲಹೆ 50ರಿಂದ ಶುರು. ತುದಿ ಮೇಲೆ ಹೋದಷ್ಟೂ ಮೊದಲು ಪಾಸಾದ ಕೋರ್‌ಗಳು ಮತ್ತೆ ಸೋಲಬಹುದು, ಹಾಗಾಗಿ ಕೋರ್‌ಸೈಕ್ಲರ್ ಇನ್ನೊಂದು ರಾತ್ರಿ. ಕೊನೆಗೆ ಎಕ್ಸ್‌ಎಂಪಿ ವಾಪಸ್ ಆನ್ ಮಾಡಿ. ಡಿಡಿಆರ್4 3600 ಇದ್ದರೆ ಎಫ್‌ಕ್ಲಾಕ್ (ಪ್ರೊಸೆಸರ್ ಒಳಗಿನ ಸಂಪರ್ಕಜಾಲದ ವೇಗ) 1800ರಲ್ಲಿ ಮೆಮೊರಿಯ ಗಡಿಯಾರಕ್ಕೆ ಸಮಸಮ ಓಡುತ್ತಿದೆಯೇ ಖಚಿತಪಡಿಸಿಕೊಳ್ಳಿ.

ಪರದೆಯೇ ಬರದಿದ್ದರೆ ಗಾಬರಿ ಬೇಡ. ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಖಾಲಿಮಾಡಿ. ಬೋರ್ಡ್ ಮೇಲೆ ಬಯೋಸ್ ಸೆಟ್ಟಿಂಗ್ ಅಳಿಸುವ ಕ್ಲಿಯರ್ ಸಿಮಾಸ್‌ನ ಎರಡು ಪಿನ್‌ಗಳಿವೆ. ಮ್ಯಾನುಯಲ್‌ನಲ್ಲಿ ಅವು ಎಲ್ಲಿವೆ ಎಂದು ನೋಡಿ, ಸ್ಕ್ರೂಡ್ರೈವರ್ ತುದಿಯಿಂದ 10 ಸೆಕೆಂಡ್ ಮುಟ್ಟಿಸಿ. ಪಿನ್ ಸಿಗದಿದ್ದರೆ ಸಿಆರ್2032 ಬ್ಯಾಟರಿಯನ್ನು 5 ನಿಮಿಷ ತೆಗೆದಿಡಿ. ಸೆಟ್ಟಿಂಗ್‌ಗಳ ಫೋಟೋ ಮೊಬೈಲ್‌ನಲ್ಲಿರಲಿ; ಬಯೋಸ್ ಅಪ್‌ಡೇಟ್ ಮಾಡಿದರೆ ಸೇವ್ ಮಾಡಿದ ಪ್ರೊಫೈಲ್‌ಗಳೂ ಅಳಿಸಿಹೋಗಬಹುದು.

ಇಂಟೆಲ್ ಬಳಸುವವರಿಗೆ ಈ ಮೆನುಗಳಿಲ್ಲ: ಹೆಸರಿನಲ್ಲಿ ಕೆ ಇರುವ ಪ್ರೊಸೆಸರ್, ಝಡ್ ಸರಣಿಯ ಬೋರ್ಡ್ ಎರಡೂ ಬೇಕು. 13, 14ನೇ ತಲೆಮಾರಿನವರಾದರೆ ಓವರ್‌ಕ್ಲಾಕ್‌ಗೂ ಮೊದಲು ಬಯೋಸ್ ಅಪ್‌ಡೇಟ್. ಅತಿಯಾದ ವೋಲ್ಟೇಜ್‌ನಿಂದ ಆ ಚಿಪ್‌ಗಳು ಶಾಶ್ವತವಾಗಿ ಸವೆಯುತ್ತಿದ್ದುದಕ್ಕೆ ಇಂಟೆಲ್ 2024ರಲ್ಲಿ ಮೈಕ್ರೋಕೋಡ್ ತಿದ್ದುಪಡಿ ಬಿಡಬೇಕಾಯಿತು.

ಕೋಣೆಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೂಲರ್ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಬೆಂಗಳೂರಿನ 25 ಡಿಗ್ರಿಯ ಕೋಣೆಯಲ್ಲಿ 75ಕ್ಕೆ ನಿಲ್ಲುವ ಸೆಟ್ಟಿಂಗ್, ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ 38 ಇದ್ದಾಗ 88ರ ಕಡೆಗೆ ಹೋಗಿ 85ರ ಮಿತಿಗೆ ಬಡಿಯುತ್ತದೆ. ಡಿಸೆಂಬರ್‌ನಲ್ಲಿ ಪಾಸಾದ ಕರ್ವ್ ಅನ್ನು ಏಪ್ರಿಲ್‌ನಲ್ಲಿ ಇನ್ನೊಂದು ರಾತ್ರಿ ಓಡಿಸಿ. ಯಾವುದಾದರೂ ಕೋರ್ ಸೋತರೆ ಅದಕ್ಕೆ ಮೂರು ಅಂಕ ವಾಪಸ್ ಕೊಡಿ. ಬೇಸಿಗೆಯಲ್ಲಿ ಸೆಟ್ ಮಾಡಿದವರು ಚಳಿಗಾಲದ ಬೆಳಗ್ಗೆಯೂ ಒಮ್ಮೆ ಪರೀಕ್ಷಿಸಬೇಕು, ಏಕೆಂದರೆ ಚಿಪ್ ತಣ್ಣಗಿದ್ದಷ್ಟೂ ಮೇಲಕ್ಕೆ ಜಿಗಿಯುತ್ತದೆ.